ಬಡ್ಡಿ ತೆರುವ ಭಗವಂತ

ಆಶ್ವಯುಜ ಶುಕ್ಲಪಕ್ಷದಲ್ಲಿ ನಾಡೆಲ್ಲವೂ ದೇವಿಯ ಆರಾಧನೆಯಲ್ಲಿ ತೊಡಗಿರುವಾಗ, ಸಾಮಾನ್ಯವಾಗಿ ಇದೇ ದಿನಗಳಲ್ಲಿ ತಿರುಮಲೆಯಲ್ಲಿ ಶ್ರೀನಿವಾಸನ ಬ್ರಹ್ಮೋತ್ಸವವು ಜರುಗುತ್ತದೆ. ಗರುಡವಾಹನನಾಗಿ, ಸರ್ವಾಭರಣಭೂಷಿತನಾಗಿ ಮಾಡವೀಧಿಗಳಲ್ಲಿ ಬಿಜಯಂಗೈಯುವ ಆ ಮೂರ್ತಿಯನ್ನು ಕಂಡವರಿಗೆ, ಈತನು ಸಾಲ ಹೊತ್ತವನೆಂಬ ಮಾತು ಒಡನೆ ನೆನಪಿಗೆ ಬಾರದು. ಆದರೆ ಆಂಧ್ರದ ಭಕ್ತರು ಈತನಿಗೆ ಪ್ರೀತಿಯಿಂದ ಇಟ್ಟಿರುವ ಹೆಸರುಗಳಲ್ಲೊಂದು ‘ವಡ್ಡಿಕಾಸುಲವಾಡು’, ಎಂದರೆ ಬಡ್ಡಿಕಾಸಿನವನು. ಜಗತ್ತಿನ ಒಡೆಯನಿಗೆ ಇಂಥ ಹೆಸರನ್ನಿಟ್ಟು ಕರೆಯುವ ಸಲುಗೆ ಭಕ್ತಿಗೆ ಮಾತ್ರ ಸಾಧ್ಯವೇನೋ!

ಶ್ರೀನಿವಾಸ ಕಲ್ಯಾಣದ ಕಥೆಯನ್ನು ಅರಿಯದ ಕನ್ನಡಿಗರ ಮನೆ ವಿರಳ. ಭೃಗುಮಹರ್ಷಿಯ ಪಾದಾಘಾತದಿಂದ ನೊಂದ ಲಕ್ಷ್ಮೀದೇವಿಯು ವೈಕುಂಠವನ್ನು ತೊರೆದು ಕೊಲ್ಹಾಪುರಕ್ಕೆ ತೆರಳಿದಳು. ಆಕೆಯನ್ನು ಅರಸುತ್ತ ಭುವಿಗಿಳಿದ ಸ್ವಾಮಿಯು ವೇಂಕಟಾದ್ರಿಯಲ್ಲಿ ನೆಲೆಸಿದನು. ಆಕಾಶರಾಜನ ಮಗಳಾದ ಪದ್ಮಾವತಿಯೊಡನೆ ವಿವಾಹವು ನಿಶ್ಚಯವಾದಾಗ ವೆಚ್ಚಕ್ಕೆ ಕೈಯಲ್ಲಿ ಕಾಸಿರಲಿಲ್ಲ. ಲಕ್ಷ್ಮಿಯೇ ಬಳಿಯಿಲ್ಲದ ಮೇಲೆ ಕಾಸೆಲ್ಲಿಂದ ಬಂದೀತು? ಕುಬೇರನಿಂದ ಸಾಲ ತೆಗೆದುಕೊಳ್ಳಲಾಯಿತು. ಋಣಪತ್ರವನ್ನು ಬರೆದು, ಬ್ರಹ್ಮ, ರುದ್ರ ಮತ್ತು ಅಶ್ವತ್ಥವೃಕ್ಷವನ್ನು ಸಾಕ್ಷಿಯಾಗಿರಿಸಲಾಯಿತು. ಕಲಿಯುಗವು ಮುಗಿಯುವವರೆಗೆ ವರ್ಷವರ್ಷವೂ ಬಡ್ಡಿ ತೆರುವುದು, ಯುಗಾಂತ್ಯದಲ್ಲಿ ಅಸಲು ಸಲ್ಲಿಸುವುದು ಎಂಬುದೇ ಕರಾರು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಸರ್ವಶಕ್ತನಾದವನು ಸಂಕಲ್ಪಮಾತ್ರದಿಂದ ಹೊನ್ನಿನ ರಾಶಿಯನ್ನು ಸೃಷ್ಟಿಸಬಹುದಾಗಿತ್ತು; ಕುಬೇರನಿಗೆ ಆಜ್ಞೆ ಮಾಡಿದ್ದರೂ ಸಾಕಾಗಿತ್ತು. ಆದರೆ ನರರೂಪದಿಂದ ನೆಲದ ಮೇಲೆ ನಿಂತವನು ನೆಲದ ನ್ಯಾಯವನ್ನೇ ಒಪ್ಪಿಕೊಂಡನು. ಸಾಲವನ್ನು ಮುಚ್ಚಿಡಲಿಲ್ಲ, ಕಾಲವು ದೀರ್ಘವಾಯಿತೆಂದು ಕುಗ್ಗಲೂ ಇಲ್ಲ. ಬೆಟ್ಟದ ಕೆಳಗೆ ತಿರುಪತಿಯಲ್ಲಿ ಪವಡಿಸಿರುವ ಗೋವಿಂದರಾಜಸ್ವಾಮಿಯನ್ನು ಜನರು ಶ್ರೀನಿವಾಸನ ಅಣ್ಣನೆಂದು ಹೇಳುತ್ತಾರೆ. ತಮ್ಮನ ಕಾಣಿಕೆಯ ಹಣವನ್ನು ಕುಬೇರನಿಗಾಗಿ ಅಳೆದು ಅಳೆದು ದಣಿದು, ಅಳೆಯುವ ಕೊಳಗವನ್ನೇ ತಲೆದಿಂಬಾಗಿಸಿಕೊಂಡು ಮಲಗಿದ್ದಾನೆಂಬುದು ಅವರ ನಂಬಿಕೆ. ಸಾಲ ತೀರಿಸುವ ಕೆಲಸದಲ್ಲಿ ದಣಿವೆಂಬುದು ದೇವರಿಗೂ ಉಂಟೆಂದು ಬಗೆದ ಆ ಹಳೆಯ ಜನರ ಅನುಭವವು ದೊಡ್ಡದು.

ಊರನ್ನು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ನೆಲೆ ನಿಂತ ಸಂಸಾರಗಳಿಗೆ ಈ ದಣಿವು ಹೊಸತಲ್ಲ. ಸರ್ವಜ್ಞನು ಸಾಲದ ವಿಷಯವಾಗಿ ಹೇಳಿದ ತ್ರಿಪದಿಯು ಎಲ್ಲರಿಗೂ ಬಾಯಿಪಾಠವಾಗಿದೆ. ಆದರೆ ಅದು ಸಾಲಕ್ಕೆ ಕೈಯೊಡ್ಡುವ ಮುನ್ನ ಕೇಳಬೇಕಾದ ಎಚ್ಚರಿಕೆ. ಈಗಾಗಲೇ ರುಜು ಹಾಕಿ ಬಂದವನಿಗೆ ಬೇಕಾದುದು ಧೈರ್ಯ. ಲೆಕ್ಕವನ್ನೇ ನೋಡೋಣ. ಎರಡು ಕೋಣೆಯ ಮನೆಗೆಂದು ಒಬ್ಬ ಗೃಹಸ್ಥನು 30 ಲಕ್ಷ ರೂಪಾಯಿಗಳನ್ನು ನೂರಕ್ಕೆ 8.5ರ ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ ತೆಗೆದುಕೊಂಡನೆನ್ನೋಣ. ತಿಂಗಳ ಕಂತು ಸುಮಾರು 26,035 ರೂಪಾಯಿ. ಮೊದಲ ಕಂತಿನಲ್ಲಿ 21,250 ರೂಪಾಯಿ ಬಡ್ಡಿಗೇ ಹೋಗುತ್ತದೆ; ಅಸಲಿನಲ್ಲಿ ಕರಗುವುದು 5,000ಕ್ಕೂ ಕಡಿಮೆ. 13 ವರ್ಷಗಳು ಉರುಳಿದ ಮೇಲೂ ಅಸಲಿನ ಅರ್ಧ ತೀರಿರುವುದಿಲ್ಲ. ಆ ವೇಳೆಗೆ ಮಗುವಾಗಿದ್ದವಳು ಕಾಲೇಜು ಸೇರಿರುತ್ತಾಳೆ, ತಂದೆಯ ತಲೆ ನರೆತಿರುತ್ತದೆ. ದುಡಿದದ್ದೆಲ್ಲ ಎಲ್ಲಿ ಹೋಯಿತು ಎಂಬ ಪ್ರಶ್ನೆ ಏಳುವುದು ಇಂಥ ನಡುದಾರಿಯಲ್ಲಿಯೇ. ಸಾಲದ ಮೊದಲ ವರ್ಷದಲ್ಲಿ ಉತ್ಸಾಹವಿರುತ್ತದೆ, ಕೊನೆಯ ವರ್ಷದಲ್ಲಿ ದಡವು ಕಾಣುತ್ತದೆ; ನಡುವಿನ ವರ್ಷಗಳಲ್ಲಿ ಮನಸ್ಸನ್ನು ಹಿಡಿದು ನಿಲ್ಲಿಸುವುದೇ ಕಷ್ಟ.

ವ್ರತವೆಂಬ ಮಾತಿನ ಅರ್ಥವು ಇಲ್ಲಿ ಒದಗುತ್ತದೆ. ಫಲವು ಕಾಣುವ ಮುನ್ನವೇ ನಿಯಮವನ್ನು ಬಿಡದೆ ನಡೆಸುವುದು ವ್ರತ. ತಿರುಮಲೆಯಲ್ಲಿ ಇದಕ್ಕೆ ಇನ್ನೊಂದು ಸುಂದರ ನಿದರ್ಶನವುಂಟು. ಆ ಬೆಟ್ಟವು ಮೊದಲು ವರಾಹಸ್ವಾಮಿಯದು. ನೆಲೆಗೆ ಜಾಗ ಬೇಡಿದ ಶ್ರೀನಿವಾಸನ ಬಳಿ ಕೊಡಲು ಹಣವಿರಲಿಲ್ಲ. ಬದಲಾಗಿ ಮೊದಲ ದರ್ಶನ, ಮೊದಲ ಪೂಜೆ, ಮೊದಲ ನೈವೇದ್ಯ ನಿನಗೇ ಸಲ್ಲಲಿ ಎಂದು ಮಾತು ಕೊಟ್ಟನು. ಇಂದಿಗೂ ಕ್ರಮವನ್ನರಿತ ಯಾತ್ರಿಕರು ಪುಷ್ಕರಿಣಿಯ ದಡದ ವರಾಹಸ್ವಾಮಿಯನ್ನು ಕಂಡ ಬಳಿಕವೇ ಮಹಾದ್ವಾರದತ್ತ ನಡೆಯುತ್ತಾರೆ. ಸಲ್ಲಬೇಕಾದವರಿಗೆ ಮೊದಲು ಸಲ್ಲಿಸಿ, ತನ್ನ ಊಟವನ್ನು ಆಮೇಲೆ ಮಾಡುವುದು ಅಲ್ಲಿನ ದಿನಚರಿಯೇ ಆಗಿದೆ. ಸಂಬಳ ಬಂದ ದಿನವೇ ಕಂತನ್ನು ತೆಗೆದಿರಿಸಿ ಉಳಿದುದರಲ್ಲಿ ಸಂಸಾರ ಸಾಗಿಸುವ ಗೃಹಿಣಿಯು ಅರಿತೋ ಅರಿಯದೆಯೋ ಇದೇ ಧರ್ಮವನ್ನು ನಡೆಸುತ್ತಾಳೆ.

ನಮ್ಮ ಹಿರಿಯರ ಮನೆಗಳಲ್ಲಿ ತಿರುಪತಿಯ ಮುಡಿಪು ಎಂಬುದೊಂದಿತ್ತು. ಅರಿಸಿನದ ಬಟ್ಟೆಯಲ್ಲಿ ಕಾಸನ್ನು ಕಟ್ಟಿ ದೇವರ ಮುಂದಿಟ್ಟರೆ, ಎಂಥ ಕಷ್ಟ ಬಂದರೂ ಅದನ್ನು ಬಿಚ್ಚುತ್ತಿರಲಿಲ್ಲ. ಈ ಶಿಸ್ತನ್ನು ಸಾಲದ ಕಡೆಗೂ ತಿರುಗಿಸಬಹುದು. ಮೇಲೆ ಹೇಳಿದ ಗೃಹಸ್ಥನು ದೀಪಾವಳಿಯ ಬೋನಸ್ಸಿನಿಂದಲೋ ಮುಡಿಪಿನಿಂದಲೋ ವರ್ಷಕ್ಕೆ ಒಂದೇ ಒಂದು ಕಂತನ್ನು ಹೆಚ್ಚಾಗಿ ಅಸಲಿಗೆ ಕಟ್ಟುತ್ತ ಬಂದರೆ, ಸಾಲವು ಮೂರು ವರ್ಷಗಳಿಗೂ ಮಿಕ್ಕು ಮೊದಲೇ ತೀರುತ್ತದೆ. ಆದರೆ ಸಲ್ಲಬೇಕಾದ ಕಂತನ್ನು ತಡೆದು, ಆ ಹಣವನ್ನು ಹುಂಡಿಗೆ ಸುರಿದು ‘ಸ್ವಾಮಿಯೇ ಪಾರುಮಾಡುತ್ತಾನೆ’ ಎಂದು ಕೈಕಟ್ಟಿ ಕೂರುವುದು ಭಕ್ತಿಯೆನಿಸದು. ತಾನೇ ಬಡ್ಡಿ ತೆರುತ್ತಿರುವವನ ಮುಂದೆ ನಿಂತು ತನಗೆ ಬಡ್ಡಿ ಬೇಡವೆಂದು ಬೇಡುವುದು ತುಸು ವಿಚಿತ್ರವೂ ಹೌದು.

ಸಾಲವೆಂದೊಡನೆ ಹರಿಶ್ಚಂದ್ರನ ನೆನಪಾಗದಿರದು. ರಾಘವಾಂಕನ ಕಾವ್ಯವನ್ನು ಓದದವರೂ ನಕ್ಷತ್ರಿಕನನ್ನು ಬಲ್ಲರು. ವಿಶ್ವಾಮಿತ್ರನ ಬಾಕಿಯನ್ನು ಕೇಳುತ್ತ ಹೆಜ್ಜೆಹೆಜ್ಜೆಗೂ ಕಾಡಿದ ಆತನ ಹೆಸರು ಕನ್ನಡದ ಮಾತಿನಲ್ಲಿಯೇ ಬೆರೆತುಹೋಗಿದೆ. ಇಂದಿನ ನಕ್ಷತ್ರಿಕರು ದೂರವಾಣಿಯಲ್ಲಿ ಬರುತ್ತಾರೆ. ಅವರಿಗೂ ಮಿತಿಯುಂಟು: ಬೆಳಗ್ಗೆ 8 ಗಂಟೆಗೆ ಮುಂಚೆ, ಸಂಜೆ 7ರ ಅನಂತರ ವಸೂಲಿಯ ಕರೆ ಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಸ್ಪಷ್ಟಪಡಿಸಿದೆ. ಋಣವನ್ನು ಒಪ್ಪಿಕೊಂಡವನು ಮಾನವನ್ನೂ ಒತ್ತೆಯಿಟ್ಟಂತೆ ಆಗಲಿಲ್ಲ. ಮಡದಿಮಕ್ಕಳನ್ನು ಮಾರುವ ಆ ಕಾಶಿಯ ಪ್ರಸಂಗವನ್ನು ಯಾರೂ ಅನುಕರಿಸತಕ್ಕದ್ದಲ್ಲವೆಂದು ಹೇಳಬೇಕಾಗಿಯೂ ಇಲ್ಲ. ಸಾಲಕ್ಕೆ ಮನುಷ್ಯನನ್ನು ಜೀತಕ್ಕಿಡುವುದನ್ನು 1976ರ ಶಾಸನವೇ ನಿಷೇಧಿಸಿದೆ. ಆ ಕಥೆಯಿಂದ ಸ್ವೀಕರಿಸಬೇಕಾದುದು ಚಂದ್ರಮತಿಯ ಸಹಭಾಗಿತ್ವ. ಗಂಡನ ಸಾಲವೆಷ್ಟೆಂಬುದು ಆಕೆಗೆ ತಿಳಿದಿತ್ತು. ಪುಟ್ಟ ಲೋಹಿತಾಶ್ವನಿಗೂ ಮನೆಯ ಸ್ಥಿತಿ ತಿಳಿದಿತ್ತು. ಮಹಾನಗರದ ಎಷ್ಟೋ ಮನೆಗಳಲ್ಲಿ ಯಜಮಾನನು ಬಾಕಿಯ ಕಾಗದವನ್ನು ಕಪಾಟಿನ ಅಡಿಯಲ್ಲಿ ಅಡಗಿಸಿ, ಹಬ್ಬಕ್ಕೆ ಇನ್ನೊಂದು ಸಾಲ ಮಾಡಿ ಸೀರೆ ತರುತ್ತಾನೆ. ಆ ಸೀರೆಯನ್ನುಟ್ಟವಳಿಗೆ ನಿಜ ತಿಳಿದಿದ್ದರೆ ಆಕೆಯೇ ಬೇಡವೆನ್ನುತ್ತಿದ್ದಳು. ಒಬ್ಬನೇ ಹೊತ್ತ ಸಾಲವು ನಿದ್ದೆಯನ್ನು ತಿನ್ನುತ್ತದೆ. ಒಮ್ಮೊಮ್ಮೆ ಪ್ರಾಣವನ್ನೂ ಕೇಳುತ್ತದೆ. ಅಂಥ ಯೋಚನೆ ಸುಳಿದವನು ಆ ರಾತ್ರಿಯೇ ಮನೆಯವರನ್ನು ಎಬ್ಬಿಸಿ ಹೇಳಿಕೊಳ್ಳಬೇಕು. ಹರಿಶ್ಚಂದ್ರನು ಸುಡುಗಾಡನ್ನು ಕಾದನೇ ಹೊರತು ಬದುಕನ್ನು ಬಿಸುಡಲಿಲ್ಲ.

ವಿಜಯದಶಮಿಗೆ ಸೇರಿದ ಇನ್ನೊಂದು ಋಣದ ಕಥೆ ಉಳಿದಿದೆ. ವರತಂತುವಿನ ಶಿಷ್ಯನಾದ ಕೌತ್ಸನು ಗುರುದಕ್ಷಿಣೆಗಾಗಿ ಪಟ್ಟುಹಿಡಿದಾಗ, ಮುನಿದ ಗುರುವು ಕಲಿಸಿದ 14 ವಿದ್ಯೆಗಳಿಗೆ 14 ಕೋಟಿ ಹೊನ್ನನ್ನು ತರಹೇಳಿದನು. ಕೌತ್ಸನು ರಘುಮಹಾರಾಜನಲ್ಲಿಗೆ ಬಂದಾಗ, ವಿಶ್ವಜಿತ್ ಯಾಗದಲ್ಲಿ ಸರ್ವಸ್ವವನ್ನೂ ದಾನ ಮಾಡಿದ್ದ ಅರಸನು ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯವಿತ್ತನು. ಅದನ್ನು ಕಂಡೇ ಹಿಂದಿರುಗಲೆಣಿಸಿದ ಅತಿಥಿಯನ್ನು ಎರಡು ಮೂರು ದಿನ ತಡೆದು, ರಘುವು ಕುಬೇರನ ಮೇಲೆ ದಂಡೆತ್ತಲು ಸಿದ್ಧನಾದನು. ಇಲ್ಲಿಯೂ ಅದೇ ಕುಬೇರ! ಬೆಳಗಾಗುವಷ್ಟರಲ್ಲಿ ಬೊಕ್ಕಸದಲ್ಲಿ ಹೊನ್ನಿನ ಮಳೆ ಸುರಿದಿತ್ತೆಂದು ಕಾಳಿದಾಸನ ‘ರಘುವಂಶ’ವು ಹೇಳುತ್ತದೆ. ಎಲ್ಲವನ್ನೂ ಕೊಂಡೊಯ್ಯೆಂದು ಅರಸನು ಹೇಳಿದರೆ, ಗುರುವಿಗೆ ಸಲ್ಲಬೇಕಾದುದಕ್ಕಿಂತ ಒಂದು ಹೊನ್ನೂ ಹೆಚ್ಚು ಬೇಡವೆಂದು ಕೌತ್ಸನು ನಿಂತನು.

ಆ ಮಳೆಯು ಬನ್ನಿಯ ಮರದ ಮೇಲೆ ಸುರಿಯಿತೆಂದೂ, ಕೌತ್ಸನು 14 ಕೋಟಿಯನ್ನು ಎಣಿಸಿ ತೆಗೆದುಕೊಂಡ ಮೇಲೆ ಉಳಿದುದನ್ನು ಊರಿನ ಜನರು ಹಂಚಿಕೊಂಡರೆಂದೂ ಜನಪರಂಪರೆಯು ನಂಬಿದೆ. ದಸರೆಯ ಸಂಜೆ ಮಹಾರಾಷ್ಟ್ರದ ನೆರೆಹೊರೆಯವರು ಆಪ್ಟಾ ಎಲೆಯನ್ನು ಕೊಟ್ಟು ಚಿನ್ನವೆನ್ನುವುದೂ, ಉತ್ತರ ಕರ್ನಾಟಕದವರು ಬನ್ನಿ ಕೊಟ್ಟು ಬಂಗಾರದಂಗ ಇರೋಣವೆಂದು ಹಿರಿಯರ ಕಾಲಿಗೆರಗುವುದೂ ಈ ಕಾರಣದಿಂದಲೇ ಎನ್ನುತ್ತಾರೆ. ಅಂಗೈಯಲ್ಲಿಟ್ಟ ಆ ಹಸಿರು ಎಲೆಯು, ಗುರುವಿನ ಋಣವು ಪೂರ್ತಿ ಸಂದ ಬಳಿಕ ಮಿಕ್ಕ ಚಿನ್ನ.