ಚರ್ಮವಿಲ್ಲದ ಪಾದರಕ್ಷೆ

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನೇರಿ ಬಂದ ಯಾತ್ರಿಕನು ಸಂಪಿಗೆ ಸಿದ್ಧೇಶ್ವರನ ಸನ್ನಿಧಿಯನ್ನೋ ಏಕನಾಥೇಶ್ವರಿಯ ಗುಡಿಯನ್ನೋ ಪ್ರವೇಶಿಸುವ ಮುನ್ನ ತನ್ನ ಕ್ಯಾನ್ವಾಸ್ ಬೂಟುಗಳನ್ನು ಬಿಸಿಲಿಗೆ ಕಾದ ಬಂಡೆಯ ಮೇಲೆ ಕಳಚಿಡುತ್ತಾನೆ. ಕಳಚಬೇಕೆಂಬುದರಲ್ಲಿ ಅವನಿಗೆ ಸಂಶಯವಿಲ್ಲ. ಏತಕ್ಕೆಂದು ಕೇಳಿದರೆ ನಮ್ಮ ಹಿರಿಯರಲ್ಲಿ ಬಹುಮಂದಿ ಕೊಡುತ್ತಿದ್ದ ಉತ್ತರವೆಂದರೆ, ಅದು ತೊಗಲು, ಸತ್ತ ಪ್ರಾಣಿಯ ಚರ್ಮ, ಆದುದರಿಂದ ಮೈಲಿಗೆ ಎಂಬುದು. ಆದರೆ ಈ ಬೂಟಿನಲ್ಲಿ ಇರುವುದೇನು? ಹತ್ತಿಯ ದಪ್ಪ ಬಟ್ಟೆ, ಒಂದು ಮರದ ಹಾಲು, ಅಷ್ಟಿಷ್ಟು ಗಂಧಕ. ಅದೇ ಹತ್ತಿಯನ್ನು ಹೊಸೆದು ಗರ್ಭಗುಡಿಯ ದೀಪಕ್ಕೆ ಬತ್ತಿ ಮಾಡುತ್ತೇವೆ. ಹಾಗಿದ್ದಲ್ಲಿ ಹೊಸ್ತಿಲ ಹೊರಗೆ ಉಳಿಯಬೇಕಾದ ಅಶುದ್ಧಿ ಯಾವ ದ್ರವ್ಯದಲ್ಲಿ ನೆಲೆಸಿದೆ?

ಈ ಪಾದರಕ್ಷೆಯ ಚರಿತ್ರೆ ಬಹಳ ಹಳೆಯದಲ್ಲ. ಸೆಕೆಯಲ್ಲಿ ಅಂಟಾಗಿ ಚಳಿಯಲ್ಲಿ ಪೆಡಸಾಗುತ್ತಿದ್ದ ರಬ್ಬರನ್ನು ಗಂಧಕದೊಡನೆ ಕಾಯಿಸಿದರೆ ಅದು ಎರಡು ದೋಷಗಳನ್ನೂ ನೀಗಿಕೊಳ್ಳುವುದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. ಆ ಶತಮಾನ ಮುಗಿಯುವುದರೊಳಗೆ ರಬ್ಬರಿನ ಅಟ್ಟೆಗೆ ಬಟ್ಟೆಯ ಮೈಯನ್ನು ಕೂಡಿಸಿದ ಹಗುರವಾದ ಬೂಟುಗಳು ಇಂಗ್ಲೆಂಡಿನ ಕಡಲತೀರಗಳಲ್ಲಿಯೂ ಆಟದ ಬಯಲುಗಳಲ್ಲಿಯೂ ಕಾಣಿಸಿಕೊಂಡವು. 1917ರಲ್ಲಿ ಕಾನ್ವರ್ಸ್ ಕಂಪನಿಯು ಬ್ಯಾಸ್ಕೆಟ್‌ಬಾಲ್ ಆಟಗಾರರ ಪ್ರೀತಿಗೆ ಪಾತ್ರವಾದ ಆಲ್ ಸ್ಟಾರ್ ಬೂಟನ್ನು ಹೊರತಂದಿತು. ನಮ್ಮ ದೇಶದಲ್ಲಿಯಾದರೋ ಕಲ್ಕತ್ತೆಯ ಸಮೀಪ ತಲೆಯೆತ್ತಿದ ಬಾಟಾನಗರದಲ್ಲಿ 1936ರ ಹೊತ್ತಿಗೆ ಟೆನಿಸ್ ಬೂಟು ತಯಾರಾಗತೊಡಗಿ, ಕ್ರಮೇಣ ಊರೂರಿನ ಶಾಲೆಗಳಲ್ಲಿ ಡ್ರಿಲ್ ಮೇಷ್ಟರು ಶನಿವಾರದ ಕವಾಯತಿಗೆ ಬಿಳಿಯ ಕ್ಯಾನ್ವಾಸ್ ಬೂಟನ್ನು ಕಡ್ಡಾಯ ಮಾಡುವ ಕಾಲ ಬಂದಿತು. ಚರ್ಮದ ಸ್ಪರ್ಶವಿಲ್ಲದ, ಹೊಲಿದವರ ಕುಲವನ್ನು ಯಾರೂ ಕೇಳಲಾಗದ ಪಾದರಕ್ಷೆ ಹೀಗೆ ನಮ್ಮ ಸೀಮೆಯನ್ನು ತಲಪಿತು. ಮೈಲಿಗೆಯು ನಿಜವಾಗಿ ತೊಗಲಿಗೆ ಸೇರಿದುದಾಗಿದ್ದರೆ ಅಂದೇ ಅದು ಮುಗಿಯಬೇಕಾಗಿತ್ತು.

ಮುಗಿಯಲಿಲ್ಲವೆಂಬುದಕ್ಕಿಂತ, ತೊಗಲಿನಲ್ಲಿ ಅದು ಎಂದೂ ಇರಲೇ ಇಲ್ಲವೆಂಬುದು ಗಮನಾರ್ಹ. ಉಪನಯನದಲ್ಲಿ ವಟುವಿಗೆ ಕೃಷ್ಣಾಜಿನವನ್ನು ಕೊಡುವ ವಿಧಿಯುಂಟು, ಯೋಗಿಗೆ ವ್ಯಾಘ್ರಚರ್ಮವೇ ಪೀಠ, ಪರಶಿವನೇ ಗಜಚರ್ಮಾಂಬರಧರ. ದೇವರ ಮುಂದೆ ನುಡಿಯುವ ಮೃದಂಗದ ಮುಖವೂ ನಗಾರಿಯ ಮುಖವೂ ತೊಗಲೇ. ಹಿರಿಯೂರಿನ ತೇರುಮಲ್ಲೇಶ್ವರನಂತಹ ದೇವರ ರಥ ಹೊರಡುವಾಗ ವಾದ್ಯಘೋಷವಿಲ್ಲದೆ ಉತ್ಸವ ಕಳೆಗಟ್ಟುವುದುಂಟೆ? ಚರ್ಮವು ಪೀಠವಾದಾಗ ಪವಿತ್ರ, ವಾದ್ಯವಾದಾಗ ಮಂಗಳಕರ, ಮೆಟ್ಟಾದಾಗ ಮಾತ್ರ ಅಸ್ಪೃಶ್ಯ ಎನ್ನುವುದಾದರೆ ದೋಷವು ದ್ರವ್ಯದ್ದಲ್ಲ. ಅದನ್ನು ಹದಮಾಡಿ ಹೊಲಿದ ಮನುಷ್ಯನ ಮೇಲೆ ನಾವು ದೋಷವನ್ನು ಹೊರಿಸಿದೆವು. ಹೊರಿಸಿದ ಬಳಿಕ ಸಮರ್ಥನೆಗಾಗಿ ಪಶುವಿನ ಚರ್ಮವನ್ನು ಸಾಕ್ಷಿಗೆ ಕರೆದೆವು.

ಈ ಪ್ರಶ್ನೆಯನ್ನು ಹನ್ನೆರಡನೆಯ ಶತಮಾನದ ಕಲ್ಯಾಣವು ಎದುರಿಸಿದ ರೀತಿ ನನಗೆ ಎಂದಿಗೂ ಬೆರಗನ್ನುಂಟುಮಾಡುತ್ತದೆ. ಪಾದರಕ್ಷೆ ಹೊಲಿಯುವ ಕಸುಬಿನ ಶರಣ ಹರಳಯ್ಯನು ಶರಣೆಂದಾಗ ಬಸವಣ್ಣನವರು ಶರಣು ಶರಣಾರ್ಥಿಯೆಂದು ಮರುನುಡಿದರಂತೆ. ತನಗೆ ಸಂದ ಆ ಒಂದು ಹೆಚ್ಚಿನ ವಂದನೆಯ ಋಣವನ್ನು ತೀರಿಸಲು ಹರಳಯ್ಯನೂ ಅವನ ಸತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮವನ್ನೇ ತೆಗೆದು ಹದಮಾಡಿ ಪಾದರಕ್ಷೆಗಳನ್ನು ಹೊಲಿದು ತಂದರಂತೆ. ಬಸವಣ್ಣನವರು ಅವನ್ನು ಮೆಟ್ಟದೆ ತಲೆಯ ಮೇಲಿರಿಸಿಕೊಂಡರಂತೆ. ಪುರಾಣದ ಅಕ್ಷರಶಃ ಸತ್ಯವನ್ನು ಇಲ್ಲಿ ವಿಚಾರಿಸಬೇಕಾದುದಿಲ್ಲ. ಮೆಟ್ಟನ್ನು ಮೆಟ್ಟದಿರುವುದಕ್ಕೆ ಮೈಲಿಗೆಯಲ್ಲದ ಕಾರಣವೊಂದು, ಹೊಲಿದವರ ಮೇಲಿನ ಗೌರವ, ಈ ಕಥೆಯಲ್ಲಿ ಕಾಣುತ್ತದೆ; ತಿರಸ್ಕಾರಕ್ಕೆ ಸಾಧನವಾಗಿದ್ದ ವಸ್ತುವೇ ಶಿರೋಧಾರ್ಯವಾಗುತ್ತದೆ. ಚಿತ್ರದುರ್ಗದಲ್ಲಿ ಇಂದು ಚರ್ಮದ ಕಸುಬಿನ ಕುಲದ ಶರಣ ಮಾದಾರ ಚನ್ನಯ್ಯನ ಹೆಸರಿನ ಗುರುಪೀಠವೊಂದಿರುವುದು, ಹೊಸದುರ್ಗ ಸೀಮೆಯ ಸಾಣೇಹಳ್ಳಿಯ ರಂಗದ ಮೇಲೆ ಶರಣರ ಬದುಕು ನಾಟಕವಾಗಿ ಮರುಜೀವ ಪಡೆಯುತ್ತಿರುವುದು, ಆ ಪರಂಪರೆ ಈ ನಾಡಿನಲ್ಲಿ ಬತ್ತಿಲ್ಲವೆಂಬುದಕ್ಕೆ ನಿದರ್ಶನ.

ಕಾರ್ಖಾನೆಯ ಬೂಟು ಮಾಡಿದ್ದು ಬೇರೆ. ಅದು ಹೊಲಿದವರನ್ನು ಗೌರವಿಸಲಿಲ್ಲ, ಮರೆಮಾಡಿತು. ಅದೇ ಕ್ಯಾನ್ವಾಸ್ ಬೂಟಿನ ಅಟ್ಟೆ ಬಾಯಿಬಿಟ್ಟ ದಿನ ಊರಿನ ಬಸ್ ನಿಲ್ದಾಣದ ಬಳಿ ಮರದಡಿಯಲ್ಲಿ ಕುಳಿತ ಆ ಹಳೆಯ ಕಸುಬುದಾರನ ಬಳಿಗೇ ಹೋಗುತ್ತೇವೆ; ತೊಗಲಿಲ್ಲದ ಬೂಟನ್ನು ಹೊಲಿದುಕೊಟ್ಟುದರಿಂದ ಅವನ ಸ್ಥಾನವೇನೂ ಬದಲಾಗಿಲ್ಲ.

ಹಾಗೆಂದು ಪಾದರಕ್ಷೆ ಕಳಚುವ ಆಚಾರವನ್ನೇ ಬಿಡಬೇಕೆಂದು ನಾನು ಹೇಳುವುದಿಲ್ಲ. ಹೊಳಲ್ಕೆರೆಯಲ್ಲಿ ಬಯಲ ಗಣಪತಿಯೆಂದೇ ಹೆಸರಾದ ದೊಡ್ಡ ವಿಗ್ರಹವುಂಟು. ಬಯಲೇ ಆಲಯವೆನಿಸಿದ ದೇವರಿಗೆ ಹೊಸ್ತಿಲನ್ನು ಎಲ್ಲಿ ಗುರುತಿಸುವುದು? ಅದನ್ನು ನಿಶ್ಚಯಿಸುವುದು ಬಂದವನ ವಿನಯ. ಬರಿಗಾಲಿನಲ್ಲಿ ನಿಂತು ನೆಲದ ಬಿಸಿಯನ್ನು ಸಹಿಸುವುದರಲ್ಲಿ, ತನ್ನ ರಕ್ಷಣೆಯನ್ನು ಕ್ಷಣಕಾಲ ತಾನೇ ಬಿಟ್ಟುಕೊಡುವುದರಲ್ಲಿ, ಭಕ್ತಿಯ ಸಾರವುಂಟೆಂದು ನಾನು ನಂಬುತ್ತೇನೆ. ಆದರೆ ಬಿಟ್ಟುಕೊಡುವುದು ಉಳ್ಳವನಿಗೆ ಮಾತ್ರ ಸಾಧ್ಯ. ಮೇಲಿನ ಕೇರಿಯಲ್ಲಿ ಮೆಟ್ಟು ಮೆಟ್ಟಿ ನಡೆಯಬಾರದೆಂಬ ಕಟ್ಟಳೆಗೆ ಬೆದರಿ ಅದನ್ನು ಕೈಯಲ್ಲಿ ಹಿಡಿದು ನಡೆದವರ ಬರಿಗಾಲನ್ನು ವಿನಯವೆಂದು ಕರೆಯುವುದು ಅಧರ್ಮ. ತ್ಯಾಗಕ್ಕೆ ಮೊದಲು ಅಧಿಕಾರವಿರಬೇಕು.

2015-16ರಿಂದ ಕರ್ನಾಟಕ ಸರ್ಕಾರವು ತನ್ನ ಶಾಲೆಗಳಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗಿನ ಮಕ್ಕಳಿಗೆ ಒಂದು ಜೊತೆ ಬೂಟನ್ನೂ ಎರಡು ಜೊತೆ ಕಾಲುಚೀಲಗಳನ್ನೂ ಕೊಡುವ ಯೋಜನೆಯನ್ನು ಕೈಗೊಂಡಿತು. ಎಲ್ಲ ಕೇರಿಯ ಮಕ್ಕಳಿಗೂ ಒಂದೇ ಬಗೆಯ ಬೂಟು ಎಂಬುದನ್ನು ನಾನು ಧಾರ್ಮಿಕ ಮಹತ್ತ್ವದ ಸಂಗತಿಯೆಂದೇ ಎಣಿಸುತ್ತೇನೆ. ಆ ಮಗು ಗುಡಿಯ ಮುಂದೆ ತಾನಾಗಿ ಅದನ್ನು ಕಳಚಿಟ್ಟು ಒಳಗೆ ಕಾಲಿಡುವಾಗ ಯಾರಾದರೂ ಅಡ್ಡ ನಿಂತರೆ, ತೊಗಲಿನ ಮೈಲಿಗೆಯ ಮಾತು ಇನ್ನು ಅವರ ನೆರವಿಗೆ ಬಾರದು. ತಾವು ತಡೆಯುತ್ತಿರುವುದು ಮನುಷ್ಯನನ್ನೇ ಎಂದು ಅವರು ಬಾಯಿಬಿಟ್ಟು ಹೇಳಬೇಕಾಗುತ್ತದೆ.