‘ಕೇಸು ನಡದೈತ್ರಿ’ ಎಂಬ ಉತ್ತರ

ಕಕ್ಷಿದಾರನ ಕೇಸನ್ನು ವಕೀಲರು ಅಲಕ್ಷಿಸಿದರೆ ಅದು ನೀತಿಗೆಟ್ಟ ಕೆಲಸವೋ, ಅಥವಾ ಎಲ್ಲ ಉದ್ಯೋಗಗಳಲ್ಲೂ ಆಗುವಂಥ ಒಂದು ಲೋಪವೋ? ಊರು ಬಿಟ್ಟು ಪುಣೆ, ಹೈದರಾಬಾದು, ಚೆನ್ನೈ ಸೇರಿದ ನಮ್ಮಂಥವರಿಗೆ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ. ನಮ್ಮಲ್ಲಿ ಎಷ್ಟೋ ಮನೆಗಳದ್ದು ಊರಿನ ತಾಲ್ಲೂಕು ಕೋರ್ಟಿನಲ್ಲಿ ಒಂದು ಕೇಸು ಇದ್ದೇ ಇರುತ್ತದೆ. ಹೊಲದ ಪಾಲು, ಬದುವಿನ ತಕರಾರು, ಬಾಡಿಗೆದಾರ ಬಿಟ್ಟುಕೊಡದ ಮನೆ. ವಕಾಲತ್ತಿಗೆ ಸಹಿ ಹಾಕಿ ರೈಲು ಹತ್ತಿರುತ್ತೇವೆ. ಆಮೇಲೆ ನಮಗೂ ಆ ಕೇಸಿಗೂ ನಡುವೆ ಉಳಿಯುವುದು ಒಂದು ಫೋನ್ ನಂಬರು ಮಾತ್ರ.

ಎಪ್ಪತ್ತರ ದಶಕದ ಕೊನೆಯಲ್ಲಿ ತಮಿಳುನಾಡಿನಿಂದ ಸುಪ್ರೀಂ ಕೋರ್ಟಿಗೆ ಹೋದ ವಿ.ಸಿ. ರಂಗದುರೈ ಪ್ರಕರಣವನ್ನು ನೋಡಿ. ಕಿವಿ ಕೇಳದ ಒಬ್ಬ ವೃದ್ಧ, ಅವರ ವಯಸ್ಸಾದ ಹೆಂಡತಿ. 15,000 ಮತ್ತು 5,000 ರೂಪಾಯಿಯ ಎರಡು ಪ್ರಾಮಿಸರಿ ನೋಟುಗಳ ಮೇಲೆ ದಾವೆ ಹೂಡಬೇಕೆಂದು ನೋಟುಗಳನ್ನೂ ಖರ್ಚಿನ ಹಣವನ್ನೂ ವಕೀಲರ ಕೈಗೆ ಕೊಟ್ಟರು. ದಾವೆ ಹೂಡಲಿಲ್ಲ. ಹೂಡಿದ್ದೇನೆ ಎಂದು ಹೇಳಲಾಯಿತು. ಕೇಸಿಗೆ ತಾರೀಖುಗಳನ್ನೂ ಕೊಡಲಾಯಿತು. ಕೊನೆಗೆ ಡಿಕ್ರಿಯೇ ಆಗಿದೆ ಎಂದೂ ಹೇಳಲಾಯಿತು. ಅದನ್ನು ನಂಬಿ ಅವರು ಸಾಲಗಾರನಿಗೆ ನೋಟೀಸು ಕೊಡಿಸಿದರು. ಇಂಥ ನೋಟುಗಳ ಮೇಲೆ ದಾವೆ ಹೂಡಲು ಕಾನೂನು ಕೊಡುವುದು ಮೂರು ವರ್ಷ. ಅದು ಅಷ್ಟರಲ್ಲಿ ಕಳೆದುಹೋಗಿತ್ತು.

ದಾವೆ ಹೂಡದೆ ಇದ್ದದ್ದು ಯಾವುದೋ ಒಂದು ದಿನದ ‘ನಾಳೆ ನೋಡೋಣ’ದಿಂದ ಶುರುವಾಗಿರಬಹುದು. ಆದರೆ ಇಲ್ಲದ ಕೇಸಿಗೆ ತಾರೀಖು ಕೊಡುವುದಕ್ಕೆ ಸೋಮಾರಿತನ ಸಾಲದು. ಅದಕ್ಕೆ ಶ್ರಮ ಬೇಕು.

ನಮ್ಮ ನ್ಯಾಯಾಲಯಗಳು ಈ ವಿಷಯದಲ್ಲಿ ಒಂದು ಗೆರೆ ಎಳೆದಿವೆ. ಬರೀ ಅಲಕ್ಷ್ಯ ಅಥವಾ ತಪ್ಪು ಅಂದಾಜು ವೃತ್ತಿ ದುರ್ನಡತೆಯಲ್ಲ. ನೈತಿಕ ದೋಷ ಬೆರೆತ ಘೋರ ಅಲಕ್ಷ್ಯ ಮಾತ್ರ ದುರ್ನಡತೆ ಎಂದು 1963ರ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇದರಲ್ಲಿ ನ್ಯಾಯವಿದೆ. ತಪ್ಪಿದ ಪ್ರತಿ ತಾರೀಖಿಗೂ ಸನದು ಕಳೆದುಕೊಳ್ಳಬೇಕೆಂದರೆ ಯಾವ ವಕೀಲರೂ ನಿದ್ದೆ ಮಾಡಲಾರರು. ತಾಲ್ಲೂಕಿನ ವಕೀಲರ ದಿನಚರಿ ನೋಡಿದವರಿಗೆ ಗೊತ್ತು: ಒಂದೇ ಬೆಳಿಗ್ಗೆ ಎರಡು ಕೋರ್ಟ್ ಹಾಲುಗಳಲ್ಲಿ ಹೆಸರು ಕೂಗುತ್ತಾರೆ, ಜೂನಿಯರ್ ರಜೆಯಲ್ಲಿರುತ್ತಾನೆ, ಕಕ್ಷಿದಾರ ಫೀಸಿನಲ್ಲಿ ಅರ್ಧ ಕೊಟ್ಟು ಉಳಿದದ್ದನ್ನು ಸುಗ್ಗಿಗೆ ಎಂದಿರುತ್ತಾನೆ.

ನನ್ನ ತಕರಾರು ಇರುವುದು ಆ ‘ನೈತಿಕ ದೋಷ’ವನ್ನು ಎಲ್ಲಿ ಹುಡುಕಬೇಕು ಎನ್ನುವುದರ ಬಗ್ಗೆ. ನಾವು ಸಾಮಾನ್ಯವಾಗಿ ಉದ್ದೇಶದಲ್ಲಿ ಹುಡುಕುತ್ತೇವೆ. ಎದುರು ಪಾರ್ಟಿಯಿಂದ ದುಡ್ಡು ತಿಂದನೇ? ಬೇಕೆಂದೇ ಕೇಸು ಹಾಳು ಮಾಡಿದನೇ? ಇಲ್ಲ ಎಂದಾದರೆ ‘ಪಾಪ, ಮರೆತಿರಬೇಕು’ ಎಂದು ಬಿಟ್ಟುಬಿಡುತ್ತೇವೆ. ನಾನು ನೋಡುವುದು ಮರೆತ ದಿನವನ್ನಲ್ಲ, ಅದರ ಮರುದಿನವನ್ನು.

ಯಾಕೆಂದರೆ ಕಾನೂನಿನಲ್ಲಿ ಮರುದಿನಕ್ಕೆ ಲೆಕ್ಕವಿದೆ. ವಾದಿಯ ಕಡೆ ಯಾರೂ ಹಾಜರಾಗದೆ ದಾವೆ ವಜಾ ಆದರೆ, ಅದನ್ನು ಮತ್ತೆ ಫೈಲಿಗೆ ತರಲು ಅರ್ಜಿ ಹಾಕಬಹುದು. ಅದಕ್ಕಿರುವ ಕಾಲ ವಜಾ ಆದ ದಿನದಿಂದ 30 ದಿನ. ಎದುರುದಾರ ಅಂದು ಹಾಜರಿದ್ದರೆ ಅದೇ ಕಾರಣಕ್ಕೆ ಹೊಸ ದಾವೆ ಹೂಡುವಂತಿಲ್ಲ, ಇದೊಂದೇ ಬಾಗಿಲು. ಅಂದರೆ ತಾರೀಖು ತಪ್ಪಿದ್ದರಿಂದ ಕೇಸು ಸಾಯುವುದಿಲ್ಲ. ತಪ್ಪಿತು ಎಂದು ವಕೀಲರು ಅದೇ ವಾರ ಫೋನು ಮಾಡಿ ಹೇಳಿದರೆ ಬದುಕಿಸಿಕೊಳ್ಳಬಹುದು. ಹೇಳದಿದ್ದರೆ ಆ 30 ದಿನ ಕಕ್ಷಿದಾರನಿಗೆ ಗೊತ್ತೇ ಆಗದಂತೆ ಕಳೆಯುತ್ತದೆ. ಆಮೇಲೆ ವಿಳಂಬ ಮನ್ನಾ ಮಾಡಿ ಎಂದು ಕೈಮುಗಿದು ನಿಂತಾಗ ಕೋರ್ಟು ಕೇಳುವುದು ಅವನನ್ನೇ: ಇಷ್ಟು ದಿನ ಏನು ಮಾಡುತ್ತಿದ್ದೆ?

ನನ್ನ ಕಾಕಾ ಈ ಪ್ರಶ್ನೆಯ ಮುಂದೆ ಈಗ ನಿಂತಿದ್ದಾರೆ. ಊರ ಅಂಚಿನ ಒಂದು ಜಾಗಕ್ಕೆ ಸಂಚಕಾರ ಕೊಟ್ಟು ಕರಾರು ಮಾಡಿಕೊಂಡಿದ್ದರು, ಮಾಲಕ ಖರೀದಿ ಮಾಡಿಕೊಡಲಿಲ್ಲ, ದಾವೆ ಹೂಡಿದರು. ಫೋನು ಮಾಡಿದಾಗಲೆಲ್ಲ ವಕೀಲರದ್ದು ಒಂದೇ ಉತ್ತರ: ‘ನಡದೈತ್ರಿ, ನೀವೇನ್ ಚಿಂತಿ ಮಾಡಬ್ಯಾಡ್ರಿ.’ ಹೋದ ವರ್ಷ ನಾನು ಪುಣೆಯಲ್ಲಿ ಕೂತು ಇ-ಕೋರ್ಟ್ಸ್ ಆ್ಯಪಿನಲ್ಲಿ ಆ ಕೇಸಿನ ಹದಿನಾರು ಅಕ್ಷರದ ಸಿಎನ್‌ಆರ್ ಸಂಖ್ಯೆ ಹಾಕಿ ನೋಡಿದೆ. ಗೈರುಹಾಜರಿಯಿಂದ ವಜಾ. ಆಗಿ ಹದಿನಾಲ್ಕು ತಿಂಗಳಾಗಿತ್ತು. ಆ ಹದಿನಾಲ್ಕು ತಿಂಗಳೂ ಕೇಸು ‘ನಡದೇ’ ಇತ್ತು.

ನಮ್ಮ ಐಟಿ ಪ್ರಾಜೆಕ್ಟುಗಳಲ್ಲಿ ಇಂಥ ರಿಪೋರ್ಟಿಗೆ ಕಲ್ಲಂಗಡಿ ಎನ್ನುತ್ತಾರೆ, ಹೊರಗೆ ಹಸಿರು, ಒಳಗೆಲ್ಲ ಕೆಂಪು. ಕೆಲಸ ತಡವಾಯಿತೆಂದು ಯಾರನ್ನಾದರೂ ಮನೆಗೆ ಕಳಿಸಿದ್ದನ್ನು ನಾನು ಕಂಡದ್ದು ಕಡಿಮೆ. ತಡವಾದದ್ದನ್ನು ಮುಚ್ಚಿಟ್ಟವರನ್ನು ಕಳಿಸಿದ್ದು ಕಂಡಿದ್ದೇನೆ. ಮುಚ್ಚಿಟ್ಟವನು ಕಸಿದುಕೊಳ್ಳುವುದು ಇನ್ನೊಬ್ಬರ ಬಳಿ ಇನ್ನೂ ಉಳಿದಿದ್ದ ಉಪಾಯವನ್ನು. ನನಗೆ ನೈತಿಕ ದೋಷ ಕಾಣುವುದು ಅಲ್ಲಿ. ಲಂಚ, ದ್ವೇಷ ಯಾವುದೂ ಬೇಕಿಲ್ಲ. ಅಮೆರಿಕದ ವಕೀಲರ ಸಂಘ 1983ರಲ್ಲಿ ಮಾಡಿದ ಮಾದರಿ ನಿಯಮಗಳಲ್ಲಿ ಶ್ರದ್ಧೆಯಿಂದ ಕೆಲಸ ಮಾಡುವುದಕ್ಕೆ ಒಂದು ನಿಯಮ, ಕೇಸಿನ ಸ್ಥಿತಿಯನ್ನು ಕಕ್ಷಿದಾರನಿಗೆ ತಿಳಿಸುವುದಕ್ಕೆ ಬೇರೆಯೇ ಒಂದು ನಿಯಮ. ನಮ್ಮ ಶಿಸ್ತು ಸಮಿತಿಗಳೂ ಹೀಗೆ ಎರಡನ್ನು ಬೇರೆಯಾಗಿ ತೂಗಿದರೆ ಪ್ರಾಮಾಣಿಕವಾಗಿ ಮರೆತವರು ಉಳಿದುಕೊಳ್ಳುತ್ತಾರೆ.

‘ಆ್ಯಪ್ ಇದೆಯಲ್ಲ, ನೀವೇ ನೋಡಿಕೊಳ್ಳಬಹುದಿತ್ತಲ್ಲ?’ ಎಂದು ಕೇಳುವವರಿದ್ದಾರೆ. ಹಳೆಯ ವಾದ ಇದು, ಆ್ಯಪಿಗಿಂತ ಹಳೆಯದು. 1981ರ ರಫೀಕ್ ಪ್ರಕರಣದಲ್ಲಿ ನ್ಯಾಯಮೂರ್ತಿ ಡಿ.ಎ. ದೇಸಾಯಿ, ದೂರದ ಹಳ್ಳಿಯಲ್ಲಿರುವವನು ವಕೀಲರನ್ನು ನೇಮಿಸಿದ ಮೇಲೆ ಅವರ ಕಾವಲು ಕಾಯುತ್ತ ಕೂರಬೇಕಿಲ್ಲ, ವಕೀಲರ ತಪ್ಪಿಗೆ ಅವನು ಬಲಿಯಾಗಬಾರದು ಎಂಬರ್ಥದಲ್ಲಿ ಬರೆದರು. 1993ರ ಸಲೀಲ್ ದತ್ತ ಪ್ರಕರಣದಲ್ಲಿ ಅದೇ ಕೋರ್ಟು, ಇದು ಎಲ್ಲರಿಗೂ ಎಲ್ಲ ಕಾಲಕ್ಕೂ ಅನ್ವಯಿಸುವ ನಿಯಮವಲ್ಲ ಎಂದಿತು. ಅಲ್ಲಿ ಕಕ್ಷಿದಾರ ಹಳ್ಳಿಗನಲ್ಲ, ಕಲ್ಕತ್ತದ ಒಂದು ಕಂಪನಿ. ನಾನು, ನೀವು ಈ ಎರಡನೆಯ ಸಾಲಿನವರು. ನಮ್ಮನ್ನು ‘ನೋಡಲಿಲ್ಲ ಯಾಕೆ’ ಎಂದು ಕೇಳಿದರೆ ತಪ್ಪಲ್ಲ. ಕಾಕಾನ ಕೈಯಲ್ಲಿರುವುದು ಬಟನ್ ಫೋನು. ಮಾಹಿತಿ ಎಲ್ಲೋ ತೆರೆದಿದೆ ಎಂಬುದು ವಕೀಲರ ಬಾಯಿಯ ಸುಳ್ಳನ್ನು ಸಣ್ಣದು ಮಾಡುವುದಿಲ್ಲ.

ಇನ್ನು ದೂರು. 1961ರ ವಕೀಲರ ಕಾಯ್ದೆಯ 35ನೇ ಕಲಮಿನಡಿ ರಾಜ್ಯ ವಕೀಲರ ಪರಿಷತ್ತಿನ ಶಿಸ್ತು ಸಮಿತಿ ತಪ್ಪಿತಸ್ಥರಿಗೆ ಛೀಮಾರಿ ಹಾಕಬಹುದು, ಕೆಲವು ಕಾಲ ವೃತ್ತಿಯಿಂದ ಅಮಾನತು ಮಾಡಬಹುದು, ಅಥವಾ ಪಟ್ಟಿಯಿಂದ ಹೆಸರು ತೆಗೆಯಬಹುದು. ಮೂರರಲ್ಲಿ ಯಾವುದೂ ಕಕ್ಷಿದಾರ ಕಳೆದುಕೊಂಡದ್ದನ್ನು ಹಿಂದಿರುಗಿಸುವುದಿಲ್ಲ. ಗ್ರಾಹಕರ ವೇದಿಕೆಗೆ ಹೋಗೋಣವೆಂದರೆ, ವಕೀಲರ ಸೇವೆ ಆ ಕಾಯ್ದೆಯಡಿ ಬರುವುದಿಲ್ಲವೆಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಸಿವಿಲ್ ಕೋರ್ಟಿನಲ್ಲಿ ಪರಿಹಾರಕ್ಕೆ ದಾವೆ ಹೂಡುವ ದಾರಿ 1926ರಿಂದಲೂ ಇದೆ. ಆದರೆ ಕೋರ್ಟಿನಲ್ಲಿ ಸೋತು ಸುಣ್ಣವಾದವನಿಗೆ ಇನ್ನೊಂದು ಕೋರ್ಟು ತೋರಿಸುವುದೆಂದರೇನು! ಹಾಗೆ ತನ್ನ ವಕೀಲರ ಮೇಲೆ ದಾವೆ ಹೂಡಿದ ಒಬ್ಬರು ಅದು ಮುಗಿಯುವ ಮೊದಲೇ ತೀರಿಕೊಂಡರು. ವಾರಸುದಾರರು ಅದನ್ನು ಮುಂದುವರಿಸಬಹುದೇ ಎಂಬ ಪ್ರಶ್ನೆಯೇ 1988ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು.

ರಂಗದುರೈ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಈ ಬಿರುಕನ್ನು ಕಂಡಿದ್ದರು. ರಾಜ್ಯದ ಸಮಿತಿ ಆರು ವರ್ಷ ಅಮಾನತು ಮಾಡಿತ್ತು, ಅಖಿಲ ಭಾರತ ಪರಿಷತ್ತು ಅದನ್ನು ಒಂದು ವರ್ಷಕ್ಕೆ ಇಳಿಸಿತ್ತು. ಕೃಷ್ಣ ಅಯ್ಯರ್ ಬೇರೆ ದಾರಿ ಹಿಡಿದರು: ಮೋಸಹೋದವರಿಗೆ 2,500 ರೂಪಾಯಿ ಕೊಡಿಸಿ, ಆ ವಕೀಲರು ಖಾಸಗಿ ಕೇಸು ಹಿಡಿಯದೆ ಒಂದು ವರ್ಷ ಬಡವರಿಗೆ ಉಚಿತವಾಗಿ ಕೆಲಸ ಮಾಡಬೇಕೆಂದರು. ಪೀಠದಲ್ಲಿದ್ದ ನ್ಯಾಯಮೂರ್ತಿ ಎ.ಪಿ. ಸೇನ್ ಒಪ್ಪಲಿಲ್ಲ. ಕಾಯ್ದೆಯ ಅಕ್ಷರಕ್ಕೆ ಸೇನ್ ಹತ್ತಿರವಿದ್ದರೆನಿಸುತ್ತದೆ. ಆ ವೃದ್ಧ ದಂಪತಿಗೆ ಹತ್ತಿರವಿದ್ದವರು ಕೃಷ್ಣ ಅಯ್ಯರ್.

ಕಾಕಾನಿಗೆ ಬೇರೆ ವಕೀಲರನ್ನು ಹಿಡಿದು, ಮತ್ತೆ ಫೈಲಿಗೆ ತರುವ ಅರ್ಜಿ ಹಾಕಿಸಿದ್ದೇವೆ. ಹಳಬರು ಕಾಗದಪತ್ರ ಕೊಡಲು ಮೊದಲು ಬಾಕಿ ಫೀಸಿನ ಮಾತೆತ್ತಿದರು. ಫೀಸಿಗಾಗಿ ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ, ಹಿಡಿದಿಟ್ಟರೆ ಅದೇ ದುರ್ನಡತೆ ಎಂಬ 2000ದ ತೀರ್ಪನ್ನು ಹೊಸಬರು ನೆನಪಿಸಿದ ಮೇಲೆ ಕೊಟ್ಟರು. ಪರಿಷತ್ತಿಗೆ ದೂರನ್ನೂ ನಾನು ಬರೆದಿಟ್ಟಿದ್ದೇನೆ, ಫೋನು ಮಾಡಿದ ದಿನಗಳ ಪಟ್ಟಿ ಸಮೇತ. ಕಾಕಾ ಸಹಿ ಹಾಕುತ್ತಿಲ್ಲ. ‘ಅಂವನ ಮಗಳ ಮದವಿಗಿ ಹೋಗಿ ಉಂಡು ಬಂದೀನೋ. ಅಂವನ ಹೊಟ್ಟಿ ಮ್ಯಾಲ ಹೊಡದ್ರ ನನಗ ಜಾಗಾ ಬರತೈತೇನು?’ ಎನ್ನುತ್ತಾರೆ. ಬರುವುದಿಲ್ಲ ಕಾಕಾ, ಆದರೆ ಅವರ ಆಫೀಸಿನ ಬೆಂಚಿನ ಮೇಲೆ ನಿಮ್ಮಂಥವರು ಇನ್ನೂ ಹತ್ತು ಮಂದಿ ಕೂತಿದ್ದಾರಲ್ಲ ಎಂದೆ. ‘ಅವರಿಗೆ ಹೇಳೂದು ಅವರ ಅಣ್ಣನ ಮಕ್ಕಳ ಕೆಲಸ’ ಎಂದರು.

ದೂರನ್ನು ಕಕ್ಷಿದಾರನೇ ಕೊಡಬೇಕೆಂದು ಕಾಯ್ದೆಯಲ್ಲಿಲ್ಲ. ನಾನೇ ಕೊಡಬಹುದು. ಕೊಟ್ಟರೆ ಆ ಹದಿನಾಲ್ಕು ತಿಂಗಳಿಗೆ ಸಾಕ್ಷಿ ಹೇಳಬೇಕಾದವರು ಮಾತ್ರ ಅವರೇ.