ಮೊದಲು ಇದು ಏನು ಅಂತ ಹೇಳಿ

ನಮ್ಮ ಟೀಮಿನವರಿಗೆ ಹೊಸ ವರ್ಷಕ್ಕೆ ಕೊಡೋಣ ಅಂತ 40 ಡೈರಿ ಕೊಂಡಿದ್ದೆ. ಕಂದು ಬಣ್ಣದ ಹೊದಿಕೆ, ನೋಡೋಕೆ ಥೇಟ್ ಚರ್ಮ. ಪ್ರತಿಯೊಂದರ ಮೇಲೂ ಒಬ್ಬೊಬ್ಬರ ಹೆಸರು ಕೆತ್ತಿಸಬೇಕು ಅನ್ನೋ ಆಸೆ. ಬೆಂಗಳೂರಿನ ರೇಟು ದುಬಾರಿ ಅನಿಸಿತು. ಶ್ರೀನಿವಾಸಪುರಕ್ಕೆ ಮನೆಗೆ ಹೋಗುವ ದಾರಿಯಲ್ಲಿ ಮಾಲೂರಿನಲ್ಲಿ ಇಳಿದು, ನಾಮಫಲಕ, ಶೀಲ್ಡು ಮಾಡಿಕೊಡುವ ಒಂದು ಸಣ್ಣ ಲೇಸರ್ ಅಂಗಡಿಗೆ ಹೋದೆ.

"ಹೆಸರಿನ ಲಿಸ್ಟ್ ಆಮೇಲೆ ಕೊಡಿ. ಮೊದಲು ಇದು ಏನು ಅಂತ ಹೇಳಿ" ಅಂದರು ಅಂಗಡಿಯವರು.

"ಲೆದರ್" ಅಂದೆ.

ಅವರು ಹೊದಿಕೆಯ ಒಳಮೂಲೆಯಿಂದ ಚೂರು ಹೆರೆದು, ಕಾಯಿಸಿದ ತಾಮ್ರದ ತಂತಿಗೆ ಅಂಟಿಸಿ, ಗ್ಯಾಸಿನ ಉರಿಗೆ ಹಿಡಿದರು. ಉರಿ ಹಸಿರಾಯ್ತು. "ಕ್ಲೋರಿನ್ ಇದೆ ಸಾರ್. ಪಿವಿಸಿ ರೆಕ್ಸಿನ್ ಇದು. ಮಷೀನಿಗೆ ಹಾಕಲ್ಲ."

"ಎಕ್ಸ್‌ಟ್ರಾ ಕೊಡ್ತೀನಿ."

"ಎಕ್ಸ್‌ಟ್ರಾ ತಗೊಳ್ಳೋದು ನಾನು, ಹೊಗೆ ಕುಡಿಯೋದು ನಮ್ಮ ಹುಡುಗ. ಅದು ಹೆಂಗೆ ಸರಿ ಆಗುತ್ತೆ?"

ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಟ್ರೈನಿಗೆ ಇನ್ನೂ ಹೊತ್ತಿತ್ತು. ಅವರೇ ಚಹಾ ತರಿಸಿ, ಪಾಠವನ್ನೂ ಮಾಡಿದರು.

ಲೇಸರ್ ಅಂದ್ರೆ ಎಲ್ಲವನ್ನೂ ಸುಡುವ ಒಂದೇ ಬೆಳಕು ಅಂದುಕೊಂಡಿದ್ದೆ. ಹಾಗಲ್ಲವಂತೆ. ಕಾರ್ಬನ್ ಡೈಆಕ್ಸೈಡ್ ಲೇಸರಿನ ತರಂಗಾಂತರ ಸುಮಾರು 10,600 ನ್ಯಾನೊಮೀಟರ್. ಮರ, ಚರ್ಮ, ಅಕ್ರಿಲಿಕ್, ಗಾಜು, ಕಲ್ಲು ಇದನ್ನು ಹೀರಿಕೊಳ್ಳುತ್ತವೆ. ಬರಿಯ ಲೋಹ ಮಾತ್ರ ಕನ್ನಡಿಯ ಹಾಗೆ ವಾಪಸ್ ಕಳಿಸುತ್ತೆ. ಸ್ಟೀಲಿಗೆ, ಅಲ್ಯೂಮಿನಿಯಮ್ಮಿಗೆ ಫೈಬರ್ ಲೇಸರ್ ಬೇಕು, 1,064 ನ್ಯಾನೊಮೀಟರಿನದು. ಅದೇ ಫೈಬರ್ ಬೆಳಕು ಪಾರದರ್ಶಕ ಅಕ್ರಿಲಿಕ್ಕನ್ನು ಮುಟ್ಟದೆಯೇ ದಾಟಿ ಹೋಗುತ್ತೆ. ಬಿಸಿ ತಡೆಯದ ನಾಜೂಕು ಪ್ಲಾಸ್ಟಿಕ್ಕಿಗೆ 355 ನ್ಯಾನೊಮೀಟರಿನ ಯುವಿ ಲೇಸರ್. ಕಪ್ಪು ಗ್ರಾನೈಟಿನ ಮೇಲೆ ಫೋಟೊ ಬರುತ್ತಲ್ಲ, ಅಲ್ಲಿ ಬಣ್ಣವೇ ಇಲ್ಲ. ಪಾಲಿಶ್ ಆದ ಮೇಲ್ಮೈ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಒಡೆದು ಬೆಳ್ಳಗಾಗುತ್ತೆ, ಅಷ್ಟೇ.

ಅಂದ್ರೆ ಯಾವ ಬೆಳಕು ಅನ್ನೋದನ್ನು ನಿರ್ಧರಿಸೋದು ವಸ್ತು, ನಮ್ಮ ಆಸೆಯಲ್ಲ. ಪಿವಿಸಿಯ ವಿಷಯ ಇನ್ನೂ ವಿಚಿತ್ರ. ಅದರ ಮೇಲೆ ಗುರುತು ಚೆನ್ನಾಗಿಯೇ ಬೀಳುತ್ತೆ. ಜೊತೆಗೆ ಹೈಡ್ರೋಜನ್ ಕ್ಲೋರೈಡ್ ಅನಿಲವೂ ಹೊರಬರುತ್ತೆ. ಅದು ಮಷೀನಿನ ಕಬ್ಬಿಣವನ್ನು ತುಕ್ಕು ಹಿಡಿಸುತ್ತೆ, ಮನುಷ್ಯನ ಶ್ವಾಸನಾಳವನ್ನು ಸುಡುತ್ತೆ. ತುಕ್ಕಿನ ಖರ್ಚು ಅಂಗಡಿಯ ಲೆಕ್ಕಕ್ಕೆ ಬರುತ್ತೆ. ಹುಡುಗನ ಕೆಮ್ಮು ಯಾರ ಲೆಕ್ಕಕ್ಕೆ?

"ನನಗೆ ಗೊತ್ತಿರಲಿಲ್ಲ" ಅಂತ ನಾನು ಹೇಳಬಹುದು. ಅದು ನಿಜ ಕೂಡ. ಆದರೆ ಗೊತ್ತಿಲ್ಲದೆ ಇರೋದು ಎಲ್ಲಿಯವರೆಗೆ ಮುಗ್ಧತೆ, ಎಲ್ಲಿಂದ ಬೇಜವಾಬ್ದಾರಿ? ಡೈರಿ ಕೊಳ್ಳುವಾಗ ಬಣ್ಣ ಕೇಳಿದೆ, ಬೆಲೆ ಕೇಳಿದೆ, ಡೆಲಿವರಿ ದಿನ ಕೇಳಿದೆ. ಇದು ಯಾವುದರಿಂದ ಆಗಿದೆ ಅಂತ ಕೇಳಲಿಲ್ಲ. ಕೇಳದೆ ಇರೋದೇ ಅನುಕೂಲವಾಗಿತ್ತು.

ಇದೇ ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಕಲ್ಲು ತಟ್ಟಿ, ಅದರ ನಾದ ಕೇಳಿ ಆರಿಸಬೇಕು ಅನ್ನೋದು ನಮ್ಮ ಶಿಲ್ಪ ಪರಂಪರೆಯ ಹಳೆಯ ಪಾಠ. ನಾದ ನೋಡಿಯೇ ಪುರುಷ ಶಿಲೆ, ಸ್ತ್ರೀ ಶಿಲೆ, ನಪುಂಸಕ ಶಿಲೆ ಅಂತ ವಿಂಗಡಿಸೋದು. ಆ ಹೆಸರುಗಳ ಬಗ್ಗೆ ಇವತ್ತು ತಕರಾರು ತೆಗೀಬಹುದು. ಆದರೆ ಉಳಿ ಇಡೋ ಮೊದಲು ಕಿವಿ ಇಡು ಅನ್ನೋ ಮಾತಿಗೆ ತಕರಾರು ಕಷ್ಟ. ತಾಮ್ರದ ತಂತಿ ಮಾಡಿದ್ದೂ ಅದನ್ನೇ.

ಇನ್ನೊಂದು ವಾದ ಇದೆ, ಅದನ್ನು ತಳ್ಳಿಹಾಕೋ ಹಾಗಿಲ್ಲ. ಇವರು ಬೇಡ ಅಂದ್ರೆ ಪಕ್ಕದ ಅಂಗಡಿಯವರು ಮಾಡ್ತಾರೆ. ಹೊಗೆ ಅಲ್ಲಿ ಏಳುತ್ತೆ, ದುಡ್ಡು ಇವರಿಗೆ ಹೋಯ್ತು, ಅಷ್ಟೇ. ಲಾಭ ಏನು? ಲೋಕದ ಲೆಕ್ಕದಲ್ಲಿ ಬಹುಶಃ ಏನೂ ಇಲ್ಲ. ಆದರೆ ಆ ಹುಡುಗ ಲೋಕದಲ್ಲಿ ಕೆಲಸ ಮಾಡಲ್ಲ, ಈ ಅಂಗಡಿಯಲ್ಲಿ ಮಾಡ್ತಾನೆ. ಜವಾಬ್ದಾರಿ ಶುರುವಾಗೋದು ಕೈಗೆ ಸಿಗುವ ದೂರದಿಂದಲೇ.

ಕೋಲಾರದವರಿಗೆ ಈ ಲೆಕ್ಕ ಹೊಸದಲ್ಲ. 2001ರ ಫೆಬ್ರುವರಿ 28ರಂದು ಮುಚ್ಚಿದ ಕೆಜಿಎಫ್ ಗಣಿಗಳಲ್ಲಿ ಬಂಡೆಯ ಧೂಳು ಕುಡಿದು ಸಿಲಿಕೋಸಿಸ್ ಹತ್ತಿಸಿಕೊಂಡವರು ಎಷ್ಟೋ ಜನ. ಇವತ್ತು ಅಂಗಡಿಯಲ್ಲಿ ಕೊಳ್ಳುವ ಒಡವೆಯ ಮೇಲೆ ಲೇಸರಿನಲ್ಲಿ ಬರೆದ 6 ಅಕ್ಷರ-ಅಂಕಿಗಳ ಎಚ್‌ಯುಐಡಿ ಇರುತ್ತೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆ ಮಾರಲು ಅದು ಕಡ್ಡಾಯ. ಒಳ್ಳೆಯ ವ್ಯವಸ್ಥೆ, ನನ್ನ ದುಡ್ಡಿಗೆ ಮೋಸ ಆಗಲ್ಲ. ಚಿನ್ನ ಎಷ್ಟು ಶುದ್ಧ ಅಂತ ಆ ಗುರುತು ಹೇಳುತ್ತೆ. ಅದನ್ನು ತೆಗೆದವರ ಉಸಿರು ಎಷ್ಟು ಶುದ್ಧವಾಗಿತ್ತು ಅಂತ ಹೇಳಲ್ಲ. ಕೊಳ್ಳುವವರ ಪರವಾಗಿ ಗುರುತುಗಳಿವೆ, ಮಾಡುವವರ ಪರವಾಗಿ ನಾವೇ ಬಾಯಿಬಿಟ್ಟು ಕೇಳಬೇಕು.

ನನ್ನ ಕೆಲಸದಲ್ಲಿ ನಾನು ವಾರಕ್ಕೆ ಹತ್ತು ಸಲ ವೆಂಡರ್‌ಗಳಿಗೆ ಹೇಳುವ ಮಾತು, "ಹೇಗಾದ್ರೂ ಮಾಡಿ, ಸೋಮವಾರಕ್ಕೆ ಬೇಕು." ಆ "ಹೇಗಾದ್ರೂ" ಒಳಗೆ ಯಾರ ನಿದ್ದೆ, ಯಾರ ಶ್ವಾಸಕೋಶ ಇದೆ ಅಂತ ಯೋಚಿಸಿರಲಿಲ್ಲ. ಈಗಲೂ ಪ್ರತಿ ಸಲ ಯೋಚಿಸ್ತೀನಿ ಅಂದ್ರೆ ಸುಳ್ಳಾಗುತ್ತೆ. ಆದರೆ ಆ ಪದ ಬಾಯಿಗೆ ಬಂದಾಗ ಹಸಿರು ಉರಿ ನೆನಪಾಗುತ್ತೆ.

ಡೈರಿಗಳನ್ನು ವಾಪಸ್ ತಂದು, ಭಾನುವಾರ ರಾತ್ರಿ ಕೂತು, ಮೊದಲ ಪುಟದಲ್ಲಿ ಪೆನ್ನಿನಿಂದ ಹೆಸರು ಬರೆದೆ. ನಲವತ್ತರಲ್ಲಿ ಮೂವರ ಪೂರ್ತಿ ಹೆಸರು ನನಗೆ ಗೊತ್ತೇ ಇರಲಿಲ್ಲ. ಸೋಮವಾರ ಹೋಗಿ ಅವರನ್ನೇ ಕೇಳಿದೆ.